ಸೆವಿಲ್ಲೆಯ ಬೇಸಿಗೆಯಲ್ಲಿ ಕಿಟಕಿ ತೆರೆಯುವ ಹೊತ್ತು
ಜುಲೈ, ಆಗಸ್ಟ್ ತಿಂಗಳಲ್ಲಿ ದಕ್ಷಿಣ ಸ್ಪೇನಿನ ಸೆವಿಲ್ಲೆ ಅಥವಾ ಕೊರ್ಡೋಬಾದಲ್ಲಿ ಮನೆ ಬಾಡಿಗೆಗೆ ಹಿಡಿದರೆ, ಬೆಳಿಗ್ಗೆ 9ರೊಳಗೆ ಗಾಜಿನ ಕಿಟಕಿಗಳನ್ನು ಮುಚ್ಚಿ, ಅವುಗಳ ಹೊರಬದಿಯಲ್ಲಿರುವ ‘ಪೆರ್ಸಿಯಾನಾ’ ಎಂಬ ಸುರುಳಿ ತಡೆಯನ್ನು ಪೂರ್ತಿ ಇಳಿಸಿಬಿಡಿ. ರಾತ್ರಿ 10 ದಾಟಿದ ಮೇಲೆ ಎದುರುಬದುರಿನ ಕಿಟಕಿಗಳನ್ನು ಒಟ್ಟಿಗೆ ತೆರೆಯಿರಿ. ಒಳಗಿನ ಬಟ್ಟೆಯ ಪರದೆಗೆ ಬಿಸಿಲು ತಾಗುವುದು ಗಾಜನ್ನು ದಾಟಿ ಬಂದ ಮೇಲೆ. ಪೆರ್ಸಿಯಾನಾ ಅದನ್ನು ಗಾಜಿನ ಹೊರಗೇ ತಡೆಯುತ್ತದೆ. ಸ್ಪೇನಿನ ಗಡಿಯಾರ ಮಧ್ಯ ಯುರೋಪಿನ ಸಮಯವನ್ನು ಅನುಸರಿಸುವುದರಿಂದ ಬೇಸಿಗೆಯಲ್ಲಿ ಸೆವಿಲ್ಲೆಯ ಸೂರ್ಯ ನೆತ್ತಿಗೆ ಬರುವುದೇ ಸುಮಾರು ಎರಡೂವರೆಗೆ. ಹಾಗಾಗಿ ನಮ್ಮೂರಿನ ಅಭ್ಯಾಸದಂತೆ ಸಂಜೆ 6ಕ್ಕೆ ‘ಇನ್ನು ತಂಪಾಯಿತು’ ಎಂದು ಕಿಟಕಿ ತೆರೆದರೆ ಒಳಗೆ ನುಗ್ಗುವುದು ಒಲೆಯ ಬಾಯಿಯ ಗಾಳಿ. ಪೆರ್ಸಿಯಾನಾ ಇಳಿಸುವಾಗ ಗೋಡೆಯ ಬದಿಯ ಪಟ್ಟಿಯನ್ನು ಕೈಯಲ್ಲಿ ಹಿಡಿದೇ ಸಡಿಲಿಸಿ. ಒಮ್ಮೆಲೇ ಬಿಟ್ಟರೆ ಅದು ದಡಾರನೆ ಬೀಳುತ್ತದೆ. ರಾತ್ರಿಯೂ 25 ಡಿಗ್ರಿಗಿಂತ ಕೆಳಗಿಳಿಯದ ದಿನಗಳಲ್ಲಿ, ಬಿಸಿಲಿಗೆ ಕಾದ ತಾರಸಿಯ ಕೆಳಗಿನ ಮನೆಗಳಲ್ಲಿ ಈ ಉಪಾಯ ಅಷ್ಟಾಗಿ ಫಲಿಸದು. ಕರಾವಳಿಯ ಮಲಗಾ ನಗರದಲ್ಲಿ ಒಳನಾಡಿನಿಂದ ‘ತೆರ್ರಾಲ್’ ಎಂಬ ಬಿಸಿ ಒಣಗಾಳಿ ಬೀಸುವಾಗ ರಾತ್ರಿಯೂ ಕಿಟಕಿ ಮುಚ್ಚಿಯೇ ಇರಲಿ.