ಕೋಲಾರದ ಸ್ಕ್ರೀನು ತುಮಕೂರಿನಲ್ಲಿ

ನಮ್ಮ ಭಾವ ಕೋಲಾರದ ಒಂದು ಟೊಮ್ಯಾಟೊ ಮಂಡಿಯಲ್ಲಿ ಲೆಕ್ಕ ಬರೀತಾರೆ. ಅವರ ಹಳೇ ಲ್ಯಾಪ್‌ಟಾಪಿಗೆ ಉಬುಂಟು ಅನ್ನೋ ಲಿನಕ್ಸ್ ಹಾಕಿಕೊಟ್ಟವನು ನಾನೇ. ಹಾಗಾಗಿ ಅದರಲ್ಲಿ ಏನೇ ಕೆಟ್ಟರೂ ಫೋನು ತುಮಕೂರಿಗೇ. ಒಂದು ಬೆಳಿಗ್ಗೆ ಹರಾಜಿನ ಗಲಾಟೆ ಮಧ್ಯೆ, "ದುಡ್ಡಿರೋ ಜಾಗದಲ್ಲೆಲ್ಲ ಬೇಲಿ ಬಂದ್ಬಿಟ್ಟಿದೆ ಕಣಯ್ಯಾ" ಅಂದರು. ಬೇಲಿ ಅಂದರೆ ಎಂಥದು ಭಾವ ಅಂತ ಕೇಳಿದೆ. "ಬೇಲಿ ಅಂದ್ರೆ ಬೇಲೀನೇ!"

ಲಿಬ್ರೆಆಫೀಸಿನ ಲೆಕ್ಕದ ಹಾಳೆಯಲ್ಲಿ ಸೂತ್ರ ಕೆಟ್ಟಿರಬೇಕು ಅಂದುಕೊಂಡು ಮುಕ್ಕಾಲು ಗಂಟೆ ಒಂದೊಂದೇ ಸೆಲ್ ಓದಿಸಿದೆ. ಸರಿಹೋಗಲಿಲ್ಲ. ಮುಂದಿನ ವಾರ ಅಲ್ಲಿಗೆ ಹೋದಾಗ ನೋಡಿದರೆ, ಕಾಲಂ ಕಿರಿದಾಗಿ ಅಂಕಿ ಹಿಡಿಸದೆ ಲಿಬ್ರೆಆಫೀಸ್ ಸಾಲುಸಾಲು ಹ್ಯಾಶ್ ಗುರುತು ತೋರಿಸುತ್ತಿತ್ತು. ಪಕ್ಕಪಕ್ಕ ಇಟ್ಟರೆ ಅದು ಬೇಲಿಯೇ, ಭಾವನದೇನೂ ತಪ್ಪಿಲ್ಲ. ಕಾಲಂ ಗೆರೆ ಮೇಲೆ ಎರಡು ಕ್ಲಿಕ್, ಕೆಲಸ ಮುಗೀತು. ಅವರ ಸ್ಕ್ರೀನು ನನಗೂ ಕಾಣುವ ಹಾಗೆ ಮಾಡಲೇಬೇಕು ಅಂತ ಅವತ್ತೇ ಕೂತೆ.

ದಾರಿ ಮೊದಲು ಬೇಕಿತ್ತು. ಇಬ್ಬರ ಮನೆಯ ಇಂಟರ್ನೆಟ್ಟಿಗೂ ಹೊರಗಿನಿಂದ ನೇರವಾಗಿ ತಲುಪುವ ಸ್ವಂತ ವಿಳಾಸ ಇಲ್ಲ. ನನ್ನ ಹತ್ತಿರ ಬಾಡಿಗೆಗೆ ತಗೊಂಡ ಒಂದು ಸಣ್ಣ ಸರ್ವರ್ ಇತ್ತು. ಭಾವನ ಯಂತ್ರ ಎಸ್‌ಎಸ್‌ಎಚ್ ಅನ್ನೋ ಭದ್ರ ಸಂಪರ್ಕದಲ್ಲಿ ಅಲ್ಲಿಗೆ ಬಂದು, ಹೊರಗಿಂದ ತನ್ನೊಳಗೆ ಬರೋಕೆ ಹಿಮ್ಮುಖ ಸುರಂಗ ಬಿಡುತ್ತದೆ, ನಾನು ಇಲ್ಲಿಂದ ಅದೇ ಸರ್ವರಿಗೆ ಹೋಗಿ ಇನ್ನೊಂದು ತುದಿ ಹಿಡಿಯುತ್ತೇನೆ.

ಸ್ಕ್ರೀನನ್ನು ದೂರಕ್ಕೆ ತೋರಿಸೋ ವಿಎನ್‌ಸಿ ತಂತ್ರಾಂಶವನ್ನು ಭಾವನ ಯಂತ್ರಕ್ಕೆ ಹಾಕಿ, ತುಮಕೂರಿಗೆ ಬಂದು ಸೇರಿಸಿದರೆ ಸ್ಕ್ರೀನೇನೋ ಬಂತು, ಆದರೆ ಒಂದು ಐಕಾನೂ ಇಲ್ಲ. "ಫೈಲ್ ಎಲ್ಲಿ ಭಾವ?" ಅಂದರೆ "ಕಣ್ಣೆದುರಿಗೇ ಇದೆಯಲ್ಲಯ್ಯಾ" ಅನ್ನುತ್ತಾರೆ. ನಾನು ಮೌಸ್ ಆಡಿಸಿದರೆ ಅಲ್ಲಿ ಏನೂ ಅಲುಗಾಡುತ್ತಿಲ್ಲ. ಆಮೇಲೆ ಹೊಳೆಯಿತು. ಲಿನಕ್ಸಿನಲ್ಲಿ ಪರದೆ ಮೇಲೆ ಕಿಟಕಿಗಳನ್ನು ಮೂಡಿಸೋ ಎಕ್ಸ್ ವಿಂಡೋ ವ್ಯವಸ್ಥೆಯಲ್ಲಿ ಒಂದೇ ಯಂತ್ರದಲ್ಲಿ ಎಷ್ಟು ಡಿಸ್‌ಪ್ಲೇ (ನಂಬರು ಹಾಕಿದ ಪರದೆ) ಬೇಕಾದರೂ ಇರಬಹುದು. ಭಾವ ಕೂತಿದ್ದದ್ದು ಸೊನ್ನೆಯದರ ಮುಂದೆ. ನಾನು ಹಾಕಿದ್ದ ಮಾಮೂಲಿ ವಿಎನ್‌ಸಿ ಸರ್ವರ್ ಒಂದನೆಯದನ್ನು ಹೊಸದಾಗಿ ಹುಟ್ಟಿಸಿತ್ತು. ವಿಎನ್‌ಸಿ ಪೋರ್ಟ್, ಅಂದರೆ ಒಳಗೆ ಹೋಗೋ ಬಾಗಿಲಿನ ನಂಬರು, 5900ಕ್ಕೆ ಡಿಸ್‌ಪ್ಲೇ ಸಂಖ್ಯೆ ಕೂಡಿಸಿದ್ದು. ನಾನು ಸೇರಿಸಿದ್ದು 5901ಕ್ಕೆ, ಅಲ್ಲೇ ಗೊತ್ತಾಗಬೇಕಿತ್ತು. ಅವರ ಮನೆಗೆ ಹೋಗ್ತೀನಿ ಅಂತ ಹೊರಟು ಪಕ್ಕದಲ್ಲಿ ಖಾಲಿ ಮನೆ ಕಟ್ಟಿಸಿ ಕೂತಿದ್ದೆ.

ಇರುವ ಸ್ಕ್ರೀನನ್ನೇ ಹಂಚುವುದು ಎಕ್ಸ್11ವಿಎನ್‌ಸಿ. ಡಿಸ್‌ಪ್ಲೇ ಸೊನ್ನೆ ಅಂತ ಹೇಳಿ ಓಡಿಸಿದೆ. ಸುರಂಗದೊಳಗಿಂದ ಬಿಟ್ಟು ಬೇರೆಲ್ಲಿಂದಲೂ ಯಾರೂ ಬರದ ಹಾಗೆ ಲೋಕಲ್‌ಹೋಸ್ಟ್ ಆಯ್ಕೆಯನ್ನೂ ಹಾಕಿದೆ. ಇದನ್ನು ಬಿಡಲೇಬೇಡಿ. ವಿಎನ್‌ಸಿಯ ಹಳೇ ಪಾಸ್‌ವರ್ಡ್ ಪದ್ಧತಿ ಮೊದಲ 8 ಅಕ್ಷರ ಮಾತ್ರ ನೋಡುತ್ತದೆ. ಮನೆದೇವರ ಹೆಸರಿನ ಜೊತೆ ಇಸವಿ ಸೇರಿಸಿ ಭಾವ ಉದ್ದ ಪಾಸ್‌ವರ್ಡ್ ಇಟ್ಟಿದ್ದರು, ನಾನು ಬರೀ ದೇವರ ಹೆಸರಲ್ಲೇ ಒಳಗೆ ಹೋದೆ.

ಫಾರೆವರ್ ಅನ್ನೋ ಆಯ್ಕೆ ಬೇಕಂತಲೇ ಹಾಕಿಲ್ಲ. ಅದಿಲ್ಲದಿದ್ದರೆ ನಾನು ಹೊರಬಿದ್ದ ತಕ್ಷಣ ಎಕ್ಸ್11ವಿಎನ್‌ಸಿ ತಾನೇ ನಿಲ್ಲುತ್ತದೆ. ಮತ್ತೆ ಬೇಕಾದಾಗ ಭಾವನೇ ಡೆಸ್ಕ್‌ಟಾಪಿನ ಐಕಾನ್ ಒತ್ತುತ್ತಾರೆ. ಮಂಡಿಯ ಸಾಲ-ಬಾಕಿ ಎಲ್ಲ ಇರುವ ಲ್ಯಾಪ್‌ಟಾಪು, ನಾನು ಯಾವಾಗ ಬೇಕಾದರೂ ಇಣುಕುವ ಹಾಗಿರಬಾರದು.

ಮೌಸಿನ ಜಗಳ ಬೇರೆ. ಬಾಣ ಒಂದೇ, ಎಳೆಯುವ ಕೈ ಎರಡು. ಒಂದು ಸಲ ಇಬ್ಬರೂ ಸೇರಿ ಸಾಲೊಂದನ್ನು ಅಳಿಸಿಬಿಟ್ಟೆವು, ಕಂಟ್ರೋಲ್-ಜಡ್ ಕಾಪಾಡಿತು. ಈಗ "ಕೈ ಬಿಟ್ಟೆ" ಅಂತ ಅವರು ಫೋನಿನಲ್ಲಿ ಹೇಳಿದ ಮೇಲೆಯೇ ನಾನು ಮುಟ್ಟೋದು. ನೋಡಿದರಷ್ಟೇ ಸಾಕಾದಾಗ ವ್ಯೂ ಓನ್ಲಿ.

ಬರೀ ಟರ್ಮಿನಲ್ಲಿನಲ್ಲಿ ಆಜ್ಞೆ ಟೈಪ್ ಮಾಡೋ ಕೆಲಸಕ್ಕೆ ಇಷ್ಟೆಲ್ಲ ಬೇಡ, ಇಬ್ಬರೂ ಒಂದೇ ಟಿಮಕ್ಸ್ (ಟರ್ಮಿನಲ್ ಹಂಚಿಕೊಳ್ಳೋಕೆ ಬರೋ ತಂತ್ರಾಂಶ) ಸೆಷನ್ನಿಗೆ ಅಟ್ಯಾಚ್ ಆದರೆ ಸಾಕು.

ಉಬುಂಟುವನ್ನು 22.04 ಆವೃತ್ತಿಗೆ ಏರಿಸಿದ ಮೇಲೆ ಎಲ್ಲ ಕೈಕೊಟ್ಟಿತು. ಅದರಲ್ಲಿ ಸಾಮಾನ್ಯವಾಗಿ ಎಕ್ಸ್ ಬದಲು ವೇಲ್ಯಾಂಡ್ ಅನ್ನೋ ಹೊಸ ವ್ಯವಸ್ಥೆ ಓಡುತ್ತದೆ, ಎಕ್ಸ್11ವಿಎನ್‌ಸಿಗೆ ಅಲ್ಲಿ ಕೆಲಸವಿಲ್ಲ. ಲಾಗಿನ್ ಪರದೆಯಲ್ಲಿ ಹೆಸರು ಒತ್ತಿದ ಮೇಲೆ ಮೂಲೆಯಲ್ಲಿ ಬರುವ ಹಲ್ಲುಚಕ್ರದಿಂದ ಕ್ಸೋರ್ಗ್, ಅಂದರೆ ಹಳೇ ಎಕ್ಸನ್ನೇ, ಆರಿಸಿಸಿ ಸರಿಮಾಡಿದೆ. 25.10ರಲ್ಲಿ ಆ ಆಯ್ಕೆಯನ್ನೇ ತೆಗೆದಿದ್ದಾರೆ. ಇನ್ನು ಉಬುಂಟುವಿನ ಡೆಸ್ಕ್‌ಟಾಪ್ ಆದ ಗ್ನೋಮ್‌ನದೇ ಆರ್‌ಡಿಪಿ (ವಿಎನ್‌ಸಿಯಂಥದೇ ಇನ್ನೊಂದು ಪದ್ಧತಿ) ಹಂಚಿಕೆಗೆ ಹೋಗಬೇಕು. ನಾನು ತಯಾರಿದ್ದೇನೆ. ಟೊಮ್ಯಾಟೊ ಸೀಸನ್ ಮುಗಿಯೋ ತನಕ ಅಪ್‌ಗ್ರೇಡ್ ಮಾತೇ ಎತ್ತಬೇಡ ಅಂದಿದ್ದಾರೆ ಭಾವ.