ಕಿಡ್ನಿ ಕೈಕೊಟ್ಟ ಬೆಕ್ಕನ್ನು ಮನೆಯಲ್ಲೇ ನೋಡಿಕೊಂಡಿದ್ದು

ರೇಷ್ಮೆ ಸಾಕುವ ಮನೆಯಲ್ಲಿ ಬೆಕ್ಕು ಇರಲೇಬೇಕು. ಹುಳ ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟೆ ಹತ್ತುವ ಹೊತ್ತಿಗೆ ಇಲಿ ನುಗ್ಗಿದರೆ ಬೆಳೆಯ ಲಾಭವೆಲ್ಲ ಅದರ ಹೊಟ್ಟೆಗೆ ಹೋಗುತ್ತದೆ. ಹುಳು ಮನೆಯ ಹತ್ತಿರ ಇಲಿ ಪಾಷಾಣ ಇಡಲು ನಮಗೆ ಧೈರ್ಯವಿಲ್ಲ. ಶಿಡ್ಲಘಟ್ಟ ತಾಲ್ಲೂಕಿನ ನಮ್ಮೂರಲ್ಲಿ ವರ್ಷಾನುಗಟ್ಟಲೆ ಆ ಕಾವಲು ಕಾದವಳು ಕೆಂಚಿ. ಕಿಡ್ನಿ ಹೋಗಿದೆ ಎಂದು ಗೊತ್ತಾದ ಮೇಲೂ ಅವಳು ವರ್ಷಕ್ಕಿಂತ ಹೆಚ್ಚು ಕಾಲ ನಮ್ಮ ಜೊತೆ ಬಾಳಿದಳು. ಆ ದಿನಗಳಲ್ಲಿ ಏನು ಮಾಡಿದೆ, ಏನು ಬೇಡವೆಂದೆ ಎಂಬುದನ್ನು ಬರೆಯುತ್ತಿದ್ದೇನೆ. ಹಳ್ಳಿಯಲ್ಲಿದ್ದು ಬೆಕ್ಕಿಗೆ ಇಷ್ಟೆಲ್ಲ ಮಾಡಬಹುದಾ ಎಂದು ಎಷ್ಟೋ ಜನ ಕೇಳುತ್ತಾರೆ. ಮಾಡಬಹುದು.

ಮೊದಲು ಕಣ್ಣಿಗೆ ಬಿದ್ದಿದ್ದು ಅವಳ ಬಾಯಾರಿಕೆ. ನೀರಿನ ಕಡೆ ತಿರುಗಿಯೂ ನೋಡದವಳು ದನದ ತೊಟ್ಟಿಯ ಅಂಚಿನಲ್ಲಿ ಕೂತು ನೆಕ್ಕಿದ್ದೇ ನೆಕ್ಕಿದ್ದು. ಹಿತ್ತಲ ಬೂದಿ ಗುಡ್ಡೆಯಲ್ಲಿ ಅವಳು ಕೆರೆದು ಮುಚ್ಚಿದ ಜಾಗ ಅಂಗೈಯಗಲ ಒದ್ದೆಯಾಗಿರುತ್ತಿತ್ತು. ಗೂಡು ತೂಗುವ ತಕ್ಕಡಿಯ ಮೇಲೆ ಬುಟ್ಟಿ ಇಟ್ಟು ಕೂರಿಸಿದೆ, ಮೂರು ಕೆಜಿಯೂ ಬರಲಿಲ್ಲ. "ವಯಸ್ಸಾಯ್ತು ಕಣೇ, ಅದ್ಕೇನ್ ಮಾಡ್ತೀಯ" ಅಂದರು ಅತ್ತೆ. ವಯಸ್ಸಾದರೆ ಮೈ ಇಳಿಯಬಹುದು, ಆದರೆ ಇಷ್ಟು ನೀರು ಯಾಕೆ ಕುಡಿಯಬೇಕು? ಬೆಕ್ಕು ಹೀಗೆ ಕುಡಿದು ಹೀಗೆ ಸೊರಗಿದರೆ ಕಿಡ್ನಿ ಇರಬಹುದು, ಸಕ್ಕರೆ ಕಾಯಿಲೆ ಇರಬಹುದು, ಥೈರಾಯ್ಡ್ ಕೂಡ ಇರಬಹುದು. ರಕ್ತ, ಮೂತ್ರ ಪರೀಕ್ಷೆ ಮಾಡಿಸದೆ ಯಾವುದೆಂದು ಹೇಳಲಾಗದು.

ನಮ್ಮ ಕಡೆಯ ಪಶು ವೈದ್ಯರ ಕೈಗೆ ದಿನವಿಡೀ ಸಿಗುವುದು ಸೀಮೆಹಸು. ಅವರೇ ಹೇಳಿ, ವಿಜಯಪುರ, ದೇವನಹಳ್ಳಿ ದಾರಿಯಲ್ಲಿ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದೊಯ್ದೆವು. ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, ಕ್ರಿಯಾಟಿನಿನ್, ರಕ್ತದಲ್ಲಿ ಆರರ ಮೇಲಿತ್ತು. ಅಲ್ಲಿ ಕಲಿತ ಮೊದಲ ವಿಷಯ ಎಂದರೆ, ಮೈಯಲ್ಲಿ ನೀರಿಲ್ಲದಾಗ ಬಂದ ಈ ಅಂಕಿ ನೋಡಿ ಏನನ್ನೂ ತೀರ್ಮಾನ ಮಾಡಬಾರದು. ಡ್ರಿಪ್ ಕೊಟ್ಟು, ನೀರು ತುಂಬಿಕೊಂಡ ಮೇಲೆ ಮತ್ತೆ ನೋಡಿದಾಗ ನಾಲ್ಕರ ಆಸುಪಾಸಿಗೆ ಇಳಿದಿತ್ತು. ಕಿಡ್ನಿ ಕಾಯಿಲೆಯ ಹಂತ ಗುರುತಿಸುವ ಐರಿಸ್ ಅಳತೆಯಲ್ಲಿ 2.9ರಿಂದ 5.0 ಮೂರನೇ ಹಂತ, ಐದು ದಾಟಿದರೆ ನಾಲ್ಕನೆಯದು, ಕೊನೆಯದು. ಮೊದಲ ಚೀಟಿಯನ್ನೇ ನಂಬಿದ್ದರೆ ಕೊನೆಯ ಹಂತ ಎಂದುಕೊಂಡು ಕೈಬಿಡುತ್ತಿದ್ದೆವು. ಕಿಡ್ನಿಯ ನಾಲ್ಕರಲ್ಲಿ ಮೂರು ಪಾಲು ಕೆಲಸ ನಿಂತ ಮೇಲೆಯೇ ಈ ಅಂಕಿ ಏರುವುದಂತೆ. ಹೋದ ಪಾಲು ವಾಪಸ್ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು ಅಷ್ಟೇ.

ಏನೇನು ಮಾಡಬಹುದು ಎಂದು ಬಿಡಿಸಿ ಕೇಳಿದೆ. ಬೆಂಗಳೂರಲ್ಲಿ ಆಗಾಗ ಅಡ್ಮಿಟ್ ಮಾಡಿ ಡ್ರಿಪ್ ಹಾಕಿಸುತ್ತಾ ಹೋಗುವುದು ಒಂದು. ಡಯಾಲಿಸಿಸ್ ವಿಷಯವೂ ಬಂತು. ಆದರೆ ವಿಷ ತಿಂದೋ ಮೂತ್ರ ಕಟ್ಟಿಯೋ ದಿಢೀರನೆ ಕಿಡ್ನಿ ನಿಂತ ಬೆಕ್ಕು ಚೇತರಿಸಿಕೊಳ್ಳುವವರೆಗೆ ಅದು ಆಸರೆ, ವರ್ಷಗಳಿಂದ ಸವೆದ ಕಿಡ್ನಿಗೆ ಮುಗಿಯದ ಓಡಾಟ. ಮನೆಯಲ್ಲೇ ಚರ್ಮದಡಿ ನೀರು ಕೊಟ್ಟು ಪಥ್ಯ ಮಾಡಿಸುವುದು ಇನ್ನೊಂದು ದಾರಿ. ನೋವಿಲ್ಲದೆ ಕಳಿಸಿಕೊಡುವುದನ್ನೂ ವೈದ್ಯರು ಬಾಯಿಬಿಟ್ಟು ಹೇಳಿದರು. ಹೇಳಿದ್ದಕ್ಕೆ ನನಗೆ ಬೇಸರವಾಗಲಿಲ್ಲ. ಅದೂ ಒಂದು ಚಿಕಿತ್ಸೆಯೇ.

ಹಣದ ಲೆಕ್ಕ ಹಾಕಿದೆವು, ಅದನ್ನು ಮುಚ್ಚಿಡುವುದೇನಿದೆ. ಅದಕ್ಕಿಂತ ಮುಖ್ಯವಾಗಿದ್ದು ಇನ್ನೊಂದು ಲೆಕ್ಕ. ಹುಳ ನಾಲ್ಕನೇ ಸಲ ಪೊರೆ ಬಿಟ್ಟು, ನಮ್ಮ ಮಾತಲ್ಲಿ ನಾಲ್ಕನೇ ಜ್ವರ ಎದ್ದ ಮೇಲೆ, ಅದಕ್ಕೆ ಹಗಲು ರಾತ್ರಿ ಸೊಪ್ಪು ಹಾಕಬೇಕು, ಆ ವಾರ ಮನೆಮಂದಿಗೆ ಕೂತು ಉಣ್ಣಲೂ ಪುರುಸೊತ್ತಿಲ್ಲ. ಕೈ ಖಾಲಿ ಇರುವ ವಾರ ನೆನೆಸಿಕೊಂಡು ದೊಡ್ಡ ಚಿಕಿತ್ಸೆಗೆ ಹೂಂ ಅನ್ನುವುದು ಸುಲಭ. ನಾನು ಆ ಜ್ವರ ಎದ್ದ ವಾರವನ್ನು ಮುಂದಿಟ್ಟುಕೊಂಡೇ ಪ್ರತಿಯೊಂದನ್ನೂ ಅಳೆದೆ. ಬೆಂಗಳೂರಿನ ಓಡಾಟ ಆ ವಾರ ಸಾಧ್ಯವಿಲ್ಲ, ತಪ್ಪಿದರೆ ತೊಂದರೆ ಅವಳಿಗೆ. ದಿನಕ್ಕೆ ಕಾಲು ಗಂಟೆಯ ಮನೆ ಕೆಲಸ ಎಂಥ ವಾರದಲ್ಲೂ ಸಾಧ್ಯ. ಜೊತೆಗೆ ಆಸ್ಪತ್ರೆಯ ಪಂಜರದೊಳಗೆ ಅವಳು ಬಾಯಿಗೆ ಒಂದು ತುತ್ತೂ ಇಡಲಿಲ್ಲ, ಮನೆಗೆ ಬಂದ ಸಂಜೆಯೇ ತಿಂದಳು. ಅಲ್ಲಿಗೆ ನನ್ನ ತೀರ್ಮಾನ ಆಯಿತು.

ಸೂಜಿ ಹಾಕಲು ಕಲಿಸಿದ್ದು ನಮ್ಮ ಸೀಮೆಹಸು ಡಾಕ್ಟರೇ. "ಹೆದ್ರಬೇಡಮ್ಮ, ಚರ್ಮ ಎತ್ತು, ಟೆಂಟ್ ತರ ಆಗುತ್ತಲ್ಲ, ಅದರ ಬುಡಕ್ಕೆ ಹಾಕು" ಅಂದರು. ನೀರು ಎಂದರೆ ರಿಂಗರ್ ಲ್ಯಾಕ್ಟೇಟ್, ಮನುಷ್ಯರ ಮೆಡಿಕಲ್ ಶಾಪಿನಲ್ಲಿ ಸಿಗುವ ಅದೇ ಬಾಟಲಿ. ಗ್ಲೂಕೋಸ್ ಬೆರೆಸಿದ್ದು ಬೇಡ, ಅದು ಚರ್ಮದಡಿಯಲ್ಲಿ ಉರಿಯುತ್ತದೆ, ಕೀವಾಗಬಹುದು. ಅಂಗಡಿಯಲ್ಲಿ ಎರಡೂ ಬಾಟಲಿ ಒಂದೇ ತರ ಕಾಣುತ್ತವೆ, ಚೀಟಿ ಓದಿಯೇ ತರುತ್ತಿದ್ದೆ. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನ ಬಕೆಟ್ಟಿನಲ್ಲಿಟ್ಟು, ಮುಂಗೈಗೆ ಒತ್ತಿ ಬಿಸಿ ನೋಡಿ, ಕಿಟಕಿಯ ಸರಳಿಗೆ ತೂಗುಹಾಕುತ್ತಿದ್ದೆ. ತಣ್ಣಗಿದ್ದರೆ ಕೆಂಚಿ ಎದ್ದುಬಿಡುತ್ತಿದ್ದಳು. ಹಳೇ ಟವೆಲ್ ಹಾಸಿದ ತೊಡೆಯ ಮೇಲೆ ಅವಳ ಮುಖ ಹೊರಗೆ ಮಾಡಿ ಕೂರಿಸಿ, ಹೆಗಲ ಹತ್ತಿರ ಚರ್ಮ ಎತ್ತಿ ಸೂಜಿ ತೂರಿಸಿದರೆ ಸಣ್ಣದೊಂದು ತಡೆ ಸಿಗುತ್ತದೆ, ಆಮೇಲೆ ಬೆರಳಿಗೆ ಸಡಿಲವಾಗುತ್ತದೆ. ಸಡಿಲವಾದರೆ ಸರಿಯಾದ ಜಾಗ. ಕೂದಲು ಒದ್ದೆಯಾದರೆ ಸೂಜಿ ಆ ಕಡೆಯಿಂದ ಹೊರಗೆ ಬಂದಿದೆ ಎಂದು ಅರ್ಥ. 18ರ ಸೂಜಿ ದಪ್ಪ, ನೀರು ಬೇಗ ಇಳಿಯುತ್ತದೆ. 22 ಸಣ್ಣ, ಹೊತ್ತು ಹಿಡಿಯುತ್ತದೆ. ನಮಗೆ ಒಗ್ಗಿದ್ದು 20. ಪ್ರತಿ ಸಲವೂ ಹೊಸದು.

ಅವಳಿಗೆ ಹೇಳಿದ್ದು ಒಂದು ಸಲಕ್ಕೆ 100 ಎಂಎಲ್. ಹೆಗಲಲ್ಲಿ ಗುಬಟು ಎದ್ದು ನಿಧಾನಕ್ಕೆ ಮುಂಗಾಲಿಗೆ ಜಾರುತ್ತದೆ, ಕೆಲವು ಗಂಟೆಗಳಲ್ಲಿ ಮೈಯೇ ಹೀರಿಕೊಳ್ಳುತ್ತದೆ. ಹೃದಯ ಸರಿ ಇಲ್ಲದ ಬೆಕ್ಕಿಗೆ ಇದೇ ನೀರು ಎದೆಯಲ್ಲಿ ತುಂಬಿಕೊಳ್ಳಬಹುದು. ಅದಕ್ಕೇ ಮಲಗಿದ್ದಾಗ ನಿಮಿಷಕ್ಕೆ ಎಷ್ಟು ಸಲ ಉಸಿರಾಡುತ್ತಾಳೆ ಎಂದು ಎಣಿಸುತ್ತಿದ್ದೆ. ಮೂವತ್ತು ದಾಟಿದರೆ ನೀರು ನಿಲ್ಲಿಸಿ ಫೋನ್ ಮಾಡು ಎಂದಿದ್ದರು.

ಪಥ್ಯದ ವಿಷಯ ಇದಕ್ಕಿಂತ ಕಷ್ಟ. ಕಿಡ್ನಿ ಬೆಕ್ಕಿನ ಊಟದಲ್ಲಿ ರಂಜಕ (ಫಾಸ್ಫರಸ್) ಕಡಿಮೆ ಇರಬೇಕು. ಅದಕ್ಕೆಂದೇ ಬರುವ ಆಹಾರ ತರಿಸಿದೆವು, ಮೂಸಿ ಹೊರಟುಹೋದಳು. ಒಣಮೀನು, ಈಲಿ (ಲಿವರ್), ಮೂಳೆ, ಮೊಟ್ಟೆಯ ಹಳದಿ ನಿಲ್ಲಿಸಿದೆ. ಹಾಲನ್ನವನ್ನೂ ನಿಲ್ಲಿಸಿದ್ದಕ್ಕೆ ಅತ್ತೆಗೆ ನನ್ನ ಮೇಲೆ ಸಿಟ್ಟು. ಬೇಯಿಸಿದ ಕೋಳಿ, ಮೊಟ್ಟೆಯ ಬಿಳಿ, ಅದರೊಳಗೆ ರಂಜಕ ಹಿಡಿಯುವ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಬೆರೆಸಿ ಕೊಟ್ಟೆ. ಆದರೆ ಬೆಕ್ಕು ಕೆಲವು ದಿನ ಉಪವಾಸ ಬಿದ್ದರೆ ಅದರ ಲಿವರಿಗೆ ಕೊಬ್ಬು ತುಂಬಿ ಅದೇ ಜೀವಕ್ಕೆ ಕುತ್ತು ತರುವ ಇನ್ನೊಂದು ಕಾಯಿಲೆಯಾಗಬಹುದು. ಹಾಗಾಗಿ ತೀರಾ ಬಾಯಿ ಕಟ್ಟಿದ ದಿನ ಹಾಲನ್ನವನ್ನೇ ಇಟ್ಟೆ, ಡಾಕ್ಟರೂ ಒಪ್ಪಿದರು. ತಟ್ಟೆಯ ಹತ್ತಿರ ಬಂದು, ತುಟಿ ನೆಕ್ಕಿಕೊಂಡು, ಮುಖ ತಿರುಗಿಸಿದರೆ ಅದು ಹಸಿವಿಲ್ಲದ್ದಲ್ಲ, ಓಕರಿಕೆ. ಅದಕ್ಕೆ ಮಾತ್ರೆ ಬೇರೆ, ಹಸಿವಿನ ಮಾತ್ರೆ ಬೇರೆ. ಹಸಿವಿಗೆ ಮಿರ್ಟಾಜಪಿನ್ ಕೊಟ್ಟರು, ಕಿಡ್ನಿ ಬೆಕ್ಕಿಗೆ ದಿನ ಬಿಟ್ಟು ದಿನ.

ಬಿಪಿ ನೋಡಿಸಿ. ತೀರಾ ಏರಿದರೆ ಬೆಕ್ಕಿಗೆ ಇದ್ದಕ್ಕಿದ್ದಂತೆ ಕಣ್ಣು ಹೋಗಬಹುದು. ಕೆಂಚಿಗೆ ಮನುಷ್ಯರ 2.5 ಮಿಗ್ರಾಂ ಆಮ್ಲೋಡಿಪಿನ್‌ನ ಕಾಲು ಭಾಗ ಸಾಕಾಯಿತು. ಪಕ್ಕದ ಮನೆಯವರು ಪ್ರೀತಿಯಿಂದಲೇ ಪ್ಯಾರಾಸಿಟಮಾಲ್ ತಂದುಕೊಟ್ಟಿದ್ದರು. ಅದು ಬೆಕ್ಕಿಗೆ ವಿಷ, ಅರ್ಧ ಮಾತ್ರೆಯೇ ಕೊಲ್ಲಬಹುದು ಎಂದು ತಿಳಿಸಿ ಹೇಳಿದೆ.

ಯಾವಾಗ ನಿಲ್ಲಿಸಬೇಕು ಎಂಬುದನ್ನು ಅವಳು ಚೆನ್ನಾಗಿದ್ದಾಗಲೇ, ಚಾಕಿ (ಮರಿ ಹುಳ) ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ನಾನೂ ಯಜಮಾನರೂ ಕೂತು ಬರೆದೆವು. ಔಷಧಿ ಕೊಟ್ಟರೂ ತಿನ್ನದಿದ್ದರೆ, ಮೈ ನೆಕ್ಕಿಕೊಳ್ಳುವುದು ಬಿಟ್ಟರೆ, ಸೂಜಿ ಕಂಡು ಅವಿತುಕೊಳ್ಳಲು ಶುರುಮಾಡಿದರೆ. ಕಾಯಿಲೆ ಮೇಲೆ ಬಿದ್ದಾಗ ಬರೆಯಲು ಕೂತಿದ್ದರೆ ಇನ್ನೊಂದು ವಾರ, ಇನ್ನೊಂದು ವಾರ ಎಂದು ಎಳೆಯುತ್ತಿದ್ದೆವು. ಮೂರೂ ಒಟ್ಟಿಗೆ ಬಂದಾಗ ಡಾಕ್ಟರನ್ನು ಮನೆಗೇ ಕರೆಸಿದೆವು. ಮೊದಲು ಮಂಪರಿನ ಇಂಜೆಕ್ಷನ್, ಪೂರ್ತಿ ನಿದ್ದೆ ಹೋದ ಮೇಲೆ ನರಕ್ಕೆ ಎರಡನೆಯದು. ಮೊದಲಿನದನ್ನು ಕೊಡಿ ಎಂದು ಕೇಳಿಯೇ ಕೊಡಿಸಿ. ಅವಳು ನನ್ನ ತೊಡೆಯ ಮೇಲಿದ್ದಳು. ಅತ್ತೆ ಅತ್ತರು, ನಾನೂ ಅತ್ತೆ.

ಈಗ ಹುಳು ಮನೆ ಕಾಯುವುದು ಅವಳ ಮಗಳು. ಎಂಟು ವರ್ಷ ತುಂಬಿದೆ. ಪ್ರತಿ ಬೆಳೆಯ ಗೂಡು ತೂಗಿದ ದಿನ ಅವಳನ್ನೂ ತೂಗಿ ಬರೆದಿಡುತ್ತೇನೆ. ವರ್ಷಕ್ಕೊಮ್ಮೆ ರಕ್ತದ ಜೊತೆ ಮೂತ್ರದ ಸಾಂದ್ರತೆಯನ್ನೂ ನೋಡಿಸುತ್ತೇನೆ. ಚೆನ್ನಾಗಿರುವ ಬೆಕ್ಕಿಗೆ ಅದು ಸಾಮಾನ್ಯವಾಗಿ 1.035ರ ಮೇಲಿರುತ್ತದೆ, ಕ್ರಿಯಾಟಿನಿನ್ ಏರುವ ಮೊದಲೇ ಇಳಿಯಲು ಶುರುವಾಗುತ್ತದೆ. ಹೋದ ಸಲ ನೋಡಿಸಿದಾಗ ಎರಡೂ ಸರಿಯಾಗಿದ್ದವು.