ಗಂಗಾವತಿಯ ರೈಸ್ ಮಿಲ್ಲಿಗೆ ನಾನು ಜಿಪಿಯು ಪ್ಲಾಟ್‌ಫಾರ್ಮ್ ಆರಿಸಿದ್ದು ಹೀಗೆ

ಗಂಗಾವತಿಯ ಒಂದು ರೈಸ್ ಮಿಲ್ಲಿಗೆ ಪ್ರೋಗ್ರಾಂ ಮಾಡಿಕೊಟ್ಟೆ. ಟ್ರೇ ಮೇಲೆ ಒಂದು ಹಿಡಿ ಅಕ್ಕಿ ಹರಡಿ ಫೋಟೋ ತೆಗೆದರೆ ನುಚ್ಚು ಎಷ್ಟು, ಬಣ್ಣ ಕೆಟ್ಟ ಕಾಳು ಎಷ್ಟು ಅಂತ ಅದು ಲೆಕ್ಕ ಹೇಳುತ್ತದೆ. ಫೋಟೋ ನೋಡಿ ಕಾಳು ಗುರುತಿಸಲು ಕಲಿಯುವ ಮಾಡೆಲ್ ಯಾವುದು ಅಂತ ಬೇಗ ತೀರ್ಮಾನವಾಯಿತು. ಅದನ್ನು ಯಾವ ಪ್ಲಾಟ್‌ಫಾರ್ಮ್ (ಲೆಕ್ಕ ಮಾಡುವ ಚಿಪ್ ಮತ್ತು ಅದರ ಸಾಫ್ಟ್‌ವೇರ್) ಮೇಲೆ ಕಟ್ಟಬೇಕು ಅನ್ನೋದಕ್ಕೇ ಜಾಸ್ತಿ ಯೋಚನೆ ಮಾಡಬೇಕಾಯಿತು.

ಜಿಪಿಯು, ಅಂದರೆ ಗ್ರಾಫಿಕ್ಸ್ ಕಾರ್ಡ್, ಕೊಳ್ಳುವ ಮೊದಲೇ ಒಂದು ವಿಷಯ ಗಟ್ಟಿ ಮಾಡಿಕೊಂಡೆ. ಮಾಡೆಲ್‌ಗೆ ಕಲಿಸುವುದು ನನ್ನ ಮನೆಯಲ್ಲಿ, ಅದು ದಿನಾ ದುಡಿಯುವುದು ಮಿಲ್ಲಿನಲ್ಲಿ. ಎರಡಕ್ಕೂ ಒಂದೇ ಪ್ಲಾಟ್‌ಫಾರ್ಮ್ ಇರಬೇಕು ಅಂತ ಏನೂ ಇಲ್ಲ.

ಕಲಿಸುವುದಕ್ಕೆ ಎನ್ವಿಡಿಯಾ ಕಂಪನಿಯ ಕುಡಾ (CUDA) ಆರಿಸಿದೆ, ಅದು ಆ ಕಂಪನಿಯ ಕಾರ್ಡ್‌ಗಳ ಕೈಲಿ ಲೆಕ್ಕ ಮಾಡಿಸುವ ಸಾಫ್ಟ್‌ವೇರ್. 2007ರಿಂದ ಜನ ಬಳಸುತ್ತಿದ್ದಾರೆ, ಹಾಗಾಗಿ ನಮಗೆ ಬರೋ ಎರರ್ ಮೊದಲೇ ಇನ್ಯಾರಿಗೋ ಬಂದಿರುತ್ತದೆ, ಪರಿಹಾರವೂ ಎಲ್ಲೋ ಸಿಗುತ್ತದೆ. ಒಬ್ಬನೇ ಕೆಲಸ ಮಾಡುವವನಿಗೆ ಇದು ದೊಡ್ಡ ಆಸರೆ. ಆದರೆ ಕುಡಾದಲ್ಲಿ ಬರೆದದ್ದು ಎನ್ವಿಡಿಯಾ ಕಾರ್ಡ್‌ಗೇ ಕಟ್ಟುಬಿದ್ದಿರುತ್ತದೆ. ಇನ್ನೊಂದು ಚಿಪ್ ಕಂಪನಿ ಎಎಂಡಿಯ ಇಂಥದ್ದೇ ಸಾಫ್ಟ್‌ವೇರ್ ರಾಕ್ಎಂ (ROCm) ಕೂಡ ನೋಡಿದೆ. 2016ರಲ್ಲಿ ಬಂದದ್ದು, ಓಪನ್ ಸೋರ್ಸ್, ಪೈಟಾರ್ಚ್ (ಮಾಡೆಲ್ ಕಲಿಸುವ ಲೈಬ್ರರಿ) ಕೋಡ್‌ನಲ್ಲಿ ಕುಡಾ ಅಂತಲೇ ಬರೆದಿದ್ದರೂ ಅದರ ಮೇಲೆ ಓಡುತ್ತದೆ. ಆದರೆ ಅದು ಅಧಿಕೃತವಾಗಿ ಬೆಂಬಲಿಸುವ ಕಾರ್ಡ್‌ಗಳ ಪಟ್ಟಿ ಚಿಕ್ಕದು, ನನ್ನ ಬಜೆಟ್‌ಗೆ ಸಿಗುತ್ತಿದ್ದ ಕಾರ್ಡ್ ಆ ಪಟ್ಟಿಯಲ್ಲಿ ಇರಲಿಲ್ಲ. ಮೂರನೇ ಆಯ್ಕೆ ಓಪನ್‌ಸಿಎಲ್ (OpenCL) ಬೇರೆ ಬೇರೆ ಕಂಪನಿಗಳ ಚಿಪ್ ಮೇಲೆ ಓಡುತ್ತದೆ ನಿಜ, ಆದರೆ ಮಾಡೆಲ್ ಕಲಿಸುವ ಲೈಬ್ರರಿಗಳು ಅದನ್ನು ಅಷ್ಟಾಗಿ ನೆಚ್ಚಿಕೊಂಡಿಲ್ಲ.

ಹೊಸದಾಗಿ ಶುರು ಮಾಡುವವರು ಇದನ್ನು ತಿಳಿದಿರಲಿ: ಎನ್ವಿಡಿಯಾ-ಎಸ್‌ಎಂಐ (ಕಾರ್ಡ್‌ನ ಸ್ಥಿತಿ ಹೇಳುವ ಕಮಾಂಡ್) ತೋರಿಸುವ ಕುಡಾ ಆವೃತ್ತಿ ನಿಮ್ಮಲ್ಲಿ ಹಾಕಿರುವ ಕುಡಾ ಅಲ್ಲ, ಕಾರ್ಡ್ ನಡೆಸುವ ಡ್ರೈವರ್ ಯಾವ ಆವೃತ್ತಿಯವರೆಗೆ ತಾಳುತ್ತದೆ ಅನ್ನೋದು ಅಷ್ಟೇ. ಪೈಟಾರ್ಚ್ ತನಗೆ ಬೇಕಾದ ಕುಡಾ ಫೈಲ್‌ಗಳನ್ನು ತಾನೇ ತರುತ್ತದೆ. ಡ್ರೈವರ್ ಸರಿ ಇದ್ದರೆ ಸಾಕು, ಸುಮ್ನೆ ಇಡೀ ಕುಡಾ ಟೂಲ್‌ಕಿಟ್ ಹಾಕಿ ಒದ್ದಾಡಬೇಡಿ. ಕಾರ್ಡ್ ಖಾಲಿ ಕೂತಿದ್ದರೆ ಪ್ಲಾಟ್‌ಫಾರ್ಮ್ ಬೈಯುವ ಮೊದಲು ಫೋಟೋಗಳ ಕಡೆ ನೋಡಿ. ದೊಡ್ಡ ಫೋಟೋಗಳನ್ನು ಬಿಚ್ಚುವುದು ಸಿಪಿಯು (ಕಂಪ್ಯೂಟರಿನ ಮುಖ್ಯ ಪ್ರೊಸೆಸರ್) ಕೆಲಸ, ಅದು ಮುಗಿಯುವವರೆಗೆ ಕಾರ್ಡ್ ಕಾಯುತ್ತದೆ. ಅವನ್ನು ಮೊದಲೇ ಚಿಕ್ಕದು ಮಾಡಿಟ್ಟ ಮೇಲೆ ನನ್ನ ಟ್ರೇನಿಂಗ್ ಬೇಗ ಮುಗಿಯತೊಡಗಿತು.

ಮಿಲ್ಲಿನದು ಬೇರೆಯೇ ಲೋಕ. ತೌಡಿನ ಧೂಳು, ಏಪ್ರಿಲ್ ಬಿಸಿಲು, ಹೋಗಿ ಬರುವ ಕರೆಂಟು. ಜಿಪಿಯು ಮಾತೆತ್ತಿದ ಕೂಡಲೇ ಸಾವ್ಕಾರರು ಕೇಳಿದರು, "ಅದು ಕೆಟ್ಟರ ಯಾರ್ ರಿಪೇರಿ ಮಾಡ್ತಾರ್ರಿ? ಬೆಂಗಳೂರಿಂದ ಬರಬೇಕೇನ್ರಿ?" ಇಡೀ ಕೆಲಸದಲ್ಲಿ ನನಗೆ ಬಂದ ಒಳ್ಳೆಯ ಪ್ರಶ್ನೆ ಇದು. ಅದಕ್ಕೇ ಅಲ್ಲಿ ಕಾರ್ಡ್ ಇಡಲಿಲ್ಲ. ಮಾಡೆಲ್ ಅನ್ನು ಓಎನ್‌ಎನ್‌ಎಕ್ಸ್ (ONNX, ಬೇರೆ ಬೇರೆ ಕಡೆ ಓಡಿಸಬಹುದಾದ ಫೈಲ್) ರೂಪಕ್ಕೆ ತಂದು, ಆಫೀಸಿನಲ್ಲಿದ್ದ ಇಂಟೆಲ್ ಕಂಪ್ಯೂಟರಿನಲ್ಲೇ ಇಂಟೆಲ್‌ನವರದೇ ಸಾಫ್ಟ್‌ವೇರ್ ಓಪನ್‌ವಿನೋ (OpenVINO) ಮೂಲಕ ಓಡಿಸಿದೆ. ಸ್ಯಾಂಪಲ್ ನೋಡುವ ಕೆಲಸಕ್ಕೆ ಆ ವೇಗ ಸಾಕು, ಯಾರೂ ಕಾಯುತ್ತಾ ಕೂರಬೇಕಿಲ್ಲ.

ಇನ್ನೂ ವೇಗ ಬರಲಿ ಅಂತ ಮಾಡೆಲ್ ಒಳಗಿನ ಸಂಖ್ಯೆಗಳನ್ನು ಒರಟಾದ 8 ಬಿಟ್‌ಗೆ ಇಳಿಸುವವರು ಇಲ್ಲಿ ಹುಷಾರಾಗಿರಬೇಕು. ಒಟ್ಟು ನಿಖರತೆಯ ಅಂಕ ಚೆನ್ನಾಗಿಯೇ ಕಾಣಬಹುದು, ಆದರೆ ತಿಳಿ ಹಳದಿ ಕಾಳು ಬಿಳಿ ಕಾಳಿನ ಲೆಕ್ಕಕ್ಕೆ ಸೇರಿಬಿಡಬಹುದು. ದರ ನಿಲ್ಲುವುದೇ ಆ ಕಾಳಿನ ಮೇಲೆ ಅಲ್ವಾ? ಪ್ರತಿ ಬಗೆಯ ಕಾಳಿನ ಲೆಕ್ಕವನ್ನೂ ಬೇರೆ ಬೇರೆಯಾಗಿ ಹೋಲಿಸಿ ನೋಡಿ, ಕೊನೆಗೆ 16 ಬಿಟ್‌ನಲ್ಲೇ ಉಳಿಸಿದೆ.

ಈಗ ಕಾರಟಗಿಯ ಮಿಲ್ಲಿನವರು ಕೇಳುತ್ತಿದ್ದಾರೆ. ಅವರದು ಎಎಂಡಿ ಪ್ರೊಸೆಸರ್. ಅದೇ ಫೈಲನ್ನು ಓಎನ್‌ಎನ್‌ಎಕ್ಸ್ ರನ್‌ಟೈಮ್‌ನಲ್ಲಿ (ಆ ರೂಪದ ಫೈಲ್ ಓಡಿಸುವ ಸಾಫ್ಟ್‌ವೇರ್) ಓಡಿಸಿ, ಗಂಗಾವತಿಯ ಫೋಟೋಗಳಿಗೆ ಅದೇ ಲೆಕ್ಕ ಬರುತ್ತಾ ಅಂತ ಮೊದಲು ನೋಡುತ್ತೇನೆ.